ಊರೂರು ತಿರುಗುತ್ತ ಲ್ಯಾಪ್‌ಟಾಪ್‌ನಲ್ಲಿ ದುಡಿಯುವವರು ಕಣ್ಣು ಕಾಪಾಡಿಕೊಳ್ಳುವ ಬಗೆ

ಸಕಲೇಶಪುರದ ಬಳಿಯ ಕಾಫಿ ತೋಟದ ಮನೆಯೊಂದರಲ್ಲಿ ಒಂದು ಮಳೆಗಾಲದಲ್ಲಿ ವಾರವಿಡೀ ಉಳಿದು ಕಚೇರಿಯ ಕೆಲಸ ಮಾಡಿದ್ದೆ. ಮೂರನೆಯ ದಿನ ಸಂಜೆ ಲ್ಯಾಪ್‌ಟಾಪ್ ಮುಚ್ಚಿ ತಲೆಯೆತ್ತಿದಾಗ ಅಂಗಳದಾಚೆಯ ಸಿಲ್ವರ್ ಓಕ್ ಮರಗಳು ಮಸುಕಾಗಿ ಕಂಡವು. ಮಂಜು ಇಳಿದಿರಬೇಕೆಂದುಕೊಂಡೆ, ಆದರೆ ಪಕ್ಕದಲ್ಲಿ ನಿಂತಿದ್ದ ತೋಟದ ಯಜಮಾನರು ಅದೇ ಮರಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿಯ ಗೊಂಚಲುಗಳನ್ನು ಬೆರಳಿಟ್ಟು ತೋರಿಸುತ್ತಿದ್ದರು. ಮಂಜು ಇದ್ದದ್ದು ನನ್ನ ಕಣ್ಣಿನಲ್ಲಿ. ರಾತ್ರಿ ನಿದ್ದೆಯಾದ ಮೇಲೆ ಬೆಳಿಗ್ಗೆ ಮತ್ತೆ ಎಲ್ಲವೂ ಸ್ಪಷ್ಟವಾಗಿ ಕಂಡವು. ಮೂರು ದಿನವೂ ನಾನು ಮಂಚದ ಮೇಲೆ ಕಾಲು ಚಾಚಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಪರದೆಗೆ ಒಂದೂವರೆ ಗೇಣು ದೂರದಲ್ಲಿ ಮುಖ ಚಾಚಿ ಕುಳಿತಿದ್ದೆ.

ಆಗಿದ್ದೇನೆಂದರೆ, ಕಣ್ಣಿನೊಳಗಿನ ಮಸೂರದ ಸುತ್ತ ಒಂದು ಸಣ್ಣ ಸ್ನಾಯು ಇರುತ್ತದೆ. ದೂರದ ವಸ್ತುವನ್ನು ನೋಡುವಾಗ ಅದು ಸಡಿಲವಾಗಿರುತ್ತದೆ, ಹತ್ತಿರದ್ದನ್ನು ನೋಡುವಾಗ ಬಿಗಿದುಕೊಂಡು ಮಸೂರವನ್ನು ದಪ್ಪವಾಗಿಸುತ್ತದೆ. 60 ಸೆಂಟಿಮೀಟರ್ ದೂರದ ಪರದೆಯನ್ನು ನೋಡಲು ಕಣ್ಣು ಸುಮಾರು 1.7 ಡಯಾಪ್ಟರ್‌ನಷ್ಟು (ಕನ್ನಡಕದ ಪವರ್ ಅಳೆಯುವ ಮಾನವೇ ಇದು) ದುಡಿಯಬೇಕಾದರೆ, 30 ಸೆಂಟಿಮೀಟರ್‌ಗೆ ಸುಮಾರು 3.3 ಡಯಾಪ್ಟರ್ ಬೇಕಾಗುತ್ತದೆ. ಅಂದರೆ ದೂರ ಅರ್ಧವಾದರೆ ದುಡಿಮೆ ಇಮ್ಮಡಿ. ಗಂಟೆಗಟ್ಟಲೆ ಬಿಗಿದುಕೊಂಡ ಸ್ನಾಯು ಕೆಲಸ ಮುಗಿದ ಕೂಡಲೇ ಸಡಿಲಗೊಳ್ಳದಿರುವುದುಂಟು, ಆಗಲೇ ದೂರದ ಮರ ಮಸುಕಾಗುವುದು. ಕಚೇರಿಯಲ್ಲಿ ಮೇಜು, ಕುರ್ಚಿ, ದೀಪಗಳನ್ನು ಯಾರೋ ಒಬ್ಬರು ಯೋಚಿಸಿ ಇಟ್ಟಿರುತ್ತಾರೆ. ಲಾಡ್ಜಿನ ಕೋಣೆಯನ್ನೋ ನೆಂಟರ ಮನೆಯ ಪಡಸಾಲೆಯನ್ನೋ ಯಾರೂ ನಿಮ್ಮ ಕಣ್ಣಿಗಾಗಿ ಸಜ್ಜುಗೊಳಿಸಿರುವುದಿಲ್ಲ. ಆದ್ದರಿಂದ ಹೊಸ ಜಾಗಕ್ಕೆ ಕಾಲಿಟ್ಟ ಕೂಡಲೇ, ವೈಫೈ ಪಾಸ್‌ವರ್ಡ್ ಕೇಳುವ ಮೊದಲು, ಎಲ್ಲಿ ಕುಳಿತುಕೊಳ್ಳಬೇಕೆಂಬುದನ್ನು ನೋಡಿಕೊಳ್ಳಿ. ನೋಡಬೇಕಾದದ್ದು ಮೂರೇ: ದೂರ, ಬೆಳಕು, ಗಾಳಿ.

ದೂರವನ್ನು ಅಳೆಯಲು ಟೇಪು ಬೇಕಿಲ್ಲ, ಅಳತೆಗೋಲು ನಿಮ್ಮ ಮೈಯಲ್ಲೇ ಇದೆ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ, ಸುಮಾರು 45 ಸೆಂಟಿಮೀಟರ್. ಬೆರಳುಗಳನ್ನು ಅಗಲಿಸಿದರೆ ಒಂದು ಗೇಣು, ಸುಮಾರು 20 ಸೆಂಟಿಮೀಟರ್. ಪರದೆ ಕಣ್ಣಿನಿಂದ ಒಂದು ಮೊಳಕ್ಕಿಂತ ಹತ್ತಿರ ಇರಬಾರದು. ಮೊಳದ ಮೇಲೆ ಗೇಣು ಸೇರಿಸಿದಷ್ಟು ದೂರವಿದ್ದರೆ ಉತ್ತಮ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೋ ಅದಕ್ಕಿಂತ ತುಸು ಕೆಳಕ್ಕೋ ಇದ್ದು, ನೋಟ ಸ್ವಲ್ಪ ಕೆಳಗೆ ಇಳಿಯುವಂತಿರಬೇಕು. ಹಾಗೆ ನೋಡುವಾಗ ರೆಪ್ಪೆ ಅರ್ಧ ಇಳಿದು ಕಣ್ಣು ಒಣಗುವುದು ಕಡಿಮೆಯಾಗುತ್ತದೆ. ಲ್ಯಾಪ್‌ಟಾಪ್‌ನ ದೋಷವೆಂದರೆ ಕೀಬೋರ್ಡೂ ಪರದೆಯೂ ಒಂದಕ್ಕೊಂದು ಅಂಟಿಕೊಂಡಿರುವುದು: ಕೈಗೆ ಹಿತವಾಗುವಂತೆ ಇಟ್ಟರೆ ಕಣ್ಣಿಗೂ ಕತ್ತಿಗೂ ಕಷ್ಟ, ಕಣ್ಣಿಗೆ ಹಿತವಾಗುವಂತೆ ಇಟ್ಟರೆ ಕೈಗೆ ಎಟುಕದು. ಮಡಚುವ ಸ್ಟ್ಯಾಂಡ್ ಒಂದು, ಹಗುರವಾದ ಕೀಬೋರ್ಡ್ ಒಂದು, ಇವೆರಡನ್ನು ಚೀಲದಲ್ಲಿ ಹಾಕಿಕೊಂಡರೆ ಈ ಜಗಳ ಬಗೆಹರಿಯುತ್ತದೆ. ಸ್ಟ್ಯಾಂಡ್ ಮರೆತು ಬಂದಿದ್ದರೆ ನಾಲ್ಕು ದಪ್ಪ ಪುಸ್ತಕ ಸಾಕು. ನಾನು ಒಮ್ಮೆ ಹಿತ್ತಾಳೆಯ ಅಗಲವಾದ ಡಬ್ಬಿಯ ಮೇಲೂ ಇಟ್ಟು ಕೆಲಸ ಸಾಗಿಸಿದ್ದೇನೆ.

ದೂರ ಸರಿದ ಮೇಲೆ ಅಕ್ಷರದ ಗಾತ್ರವನ್ನು ಹೆಚ್ಚಿಸದಿದ್ದರೆ ಹತ್ತು ನಿಮಿಷದಲ್ಲಿ ಕತ್ತು ತಾನಾಗಿ ಮುಂದೆ ಬಂದಿರುತ್ತದೆ. ಕನ್ನಡದಲ್ಲಿ ಓದಿ ಬರೆಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ನಮ್ಮ ಒತ್ತಕ್ಷರಗಳು ಮೇಲಿನ ಅಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಕುಳಿತಿರುತ್ತವೆ. ‘ಪ’ ಮತ್ತು ‘ಷ’ಗಳ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಗೆರೆ ಮಾತ್ರ. ಇಂಗ್ಲಿಷ್ ಅಕ್ಷರಕ್ಕೆ ಸಾಲುವ ಗಾತ್ರ ಇದಕ್ಕೆ ಸಾಲದು. ಬೆನ್ನನ್ನು ಕುರ್ಚಿಗೆ ಒರಗಿಸಿಕೊಂಡೇ ಆ ಗೆರೆ ಕಾಣುವವರೆಗೆ ಜೂಮ್ ಅನ್ನು 125ಕ್ಕೋ 150ಕ್ಕೋ ಏರಿಸಿ. ಪುಟದಲ್ಲಿ ಕಡಿಮೆ ಸಾಲು ಹಿಡಿಯುತ್ತದೆಂಬ ಕೊರಗು ಎರಡು ದಿನದಲ್ಲಿ ಹೋಗುತ್ತದೆ.

ಬೆಳಕಿನ ವಿಷಯದಲ್ಲಿ ತಪ್ಪುಗಳು ಎರಡು ಬಗೆಯವು. ಒಳ್ಳೆಯ ನೋಟವಿದೆಯೆಂದು ಕಿಟಕಿಗೆ ಎದುರಾಗಿ ಕುಳಿತರೆ ಹೊರಗಿನ ಬೆಳಕೂ ಪರದೆಯ ಬೆಳಕೂ ಒಟ್ಟಿಗೆ ಕಣ್ಣಿಗೆ ಹೊಡೆಯುತ್ತವೆ. ಕಿಟಕಿಗೆ ಬೆನ್ನು ಹಾಕಿದರೆ ಪರದೆಯೇ ಕನ್ನಡಿಯಾಗುತ್ತದೆ. ಕಿಟಕಿ ಎಡಕ್ಕೋ ಬಲಕ್ಕೋ ಬರುವಂತೆ ಮೇಜನ್ನು ತಿರುಗಿಸಿಕೊಳ್ಳಿ. ಪರದೆಯ ಪ್ರಖರತೆ ಎಷ್ಟಿರಬೇಕೆಂಬುದಕ್ಕೆ ಸುಲಭವಾದ ಪರೀಕ್ಷೆಯಿದೆ: ಒಂದು ಬಿಳಿ ಹಾಳೆಯನ್ನು ಪರದೆಯ ಪಕ್ಕದಲ್ಲಿ ಹಿಡಿಯಿರಿ. ಪರದೆ ಹಾಳೆಗಿಂತ ದೀಪದಂತೆ ಉರಿಯುತ್ತಿದ್ದರೆ ತಗ್ಗಿಸಿ, ಹಾಳೆಗಿಂತ ಮಂಕಾಗಿದ್ದರೆ ಏರಿಸಿ. ಮಲೆನಾಡಿನ ಮಳೆಗಾಲದಲ್ಲಿ ಬೆಳಿಗ್ಗೆ ಹತ್ತಕ್ಕೇ ದೀಪ ಬೇಕಾಗುತ್ತದೆ, ಕರೆಂಟೂ ಹೋಗುತ್ತದೆ. ಕತ್ತಲ ಕೋಣೆಯಲ್ಲಿ ಪರದೆಯೊಂದನ್ನೇ ನೋಡುತ್ತ ಕೂರುವುದಕ್ಕಿಂತ ಚಾರ್ಜ್ ಆಗುವ ಸಣ್ಣ ದೀಪವೊಂದನ್ನು ಜೊತೆಗಿಟ್ಟುಕೊಂಡು ಅದನ್ನು ಪರದೆಯ ಹಿಂದಿನ ಗೋಡೆಗೆ ತಿರುಗಿಸಿಡುವುದು ಲೇಸು.

ಗಾಳಿಯನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸಾಮಾನ್ಯವಾಗಿ ನಾವು ನಿಮಿಷಕ್ಕೆ 15ರಿಂದ 20 ಬಾರಿ ಕಣ್ಣು ಮಿಟುಕಿಸುತ್ತೇವೆ. ಪರದೆಯ ಮುಂದೆ ಅದು ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ, ಮಿಟುಕಿಸಿದಾಗಲೂ ರೆಪ್ಪೆ ಪೂರ್ತಿ ಮುಚ್ಚಿರುವುದಿಲ್ಲ. ಕಣ್ಣೀರಿನ ತೆಳುವಾದ ಪದರ ಆರಿಹೋಗದಂತೆ ಕಾಯುವ ಎಣ್ಣೆ ರೆಪ್ಪೆಯಂಚಿನ ಗ್ರಂಥಿಗಳಿಂದ ಬರುವುದು, ಆ ಎಣ್ಣೆ ಹರಡುವುದು ರೆಪ್ಪೆ ಪೂರ್ತಿ ಮುಚ್ಚಿದಾಗ. ಇದರ ಮೇಲೆ ಫ್ಯಾನಿನ ಗಾಳಿಯೋ ಏಸಿಯ ಗಾಳಿಯೋ ಮುಖಕ್ಕೆ ನೇರವಾಗಿ ಬಡಿದರೆ ಸಂಜೆಯ ಹೊತ್ತಿಗೆ ಕಣ್ಣಿನಲ್ಲಿ ಮರಳು ಸುರಿದಂತಾಗುತ್ತದೆ. ಕೆಲವರಿಗೆ ಒಣಗಿದ ಕಣ್ಣಿನಿಂದಲೇ ನೀರು ಸುರಿಯುತ್ತದೆ. ನೀರು ಬರುತ್ತಿದೆಯಲ್ಲ, ಒಣಗಿಲ್ಲ ಎಂದುಕೊಳ್ಳಬೇಡಿ. ಏಸಿ ಬಸ್ಸಿನಲ್ಲಿ ಕೂತ ಕೂಡಲೇ ತಲೆಯ ಮೇಲಿನ ಗಾಳಿಕಿಂಡಿಯನ್ನು ಮುಖದಿಂದ ಆಚೆಗೆ ತಿರುಗಿಸಿ. ವಿಮಾನದೊಳಗಿನ ಗಾಳಿಯ ತೇವಾಂಶ ಸಾಮಾನ್ಯವಾಗಿ 20 ಪ್ರತಿಶತಕ್ಕಿಂತಲೂ ಕಡಿಮೆ, ಆದ್ದರಿಂದ ದೂರದ ಪ್ರಯಾಣದಲ್ಲಿ ಕಣ್ಣು ಮುಚ್ಚಿ ಮಲಗುವುದೇ ಸರಿ. ರಾತ್ರಿ ಕರವಸ್ತ್ರವನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಕೈಗೆ ಹಿತವಾದ ಬಿಸಿಯಿದೆಯೆಂದು ನೋಡಿಕೊಂಡು, ಮುಚ್ಚಿದ ರೆಪ್ಪೆಗಳ ಮೇಲೆ ಐದು ನಿಮಿಷ ಇಟ್ಟರೆ ಗಟ್ಟಿಯಾಗಿದ್ದ ಆ ಎಣ್ಣೆ ಕರಗಿ ಮತ್ತೆ ಹರಿಯುತ್ತದೆ.

20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂಬ ಮಾತನ್ನು ನೀವು ಕೇಳಿರುತ್ತೀರಿ. ಅಷ್ಟು ದೂರಕ್ಕೆ ನೋಟ ಹೋದರೆ ಆ ಸ್ನಾಯು ಹೆಚ್ಚುಕಡಿಮೆ ಪೂರ್ತಿ ಸಡಿಲಗೊಳ್ಳುತ್ತದೆ. ತೊಡಕೆಂದರೆ ಲಾಡ್ಜಿನ ಕೋಣೆಯಲ್ಲಿ 20 ಅಡಿಯೇ ಇರುವುದಿಲ್ಲ. ಗೋಡೆ ನೋಡಿದರೆ ಪ್ರಯೋಜನವಿಲ್ಲ, ಎದ್ದು ಕಿಟಕಿಗೋ ಜಗಲಿಗೋ ಹೋಗಬೇಕು. ನಾನು ನೀರಿನ ಬಾಟಲಿಯನ್ನು ಬೇಕೆಂದೇ ಮೇಜಿನ ಮೇಲೆ ಇಡುವುದಿಲ್ಲ. ಬಾಯಾರಿದಾಗಲೆಲ್ಲ ಎದ್ದು ಹೋಗಬೇಕಾಗುತ್ತದೆ, ಹೋದಲ್ಲಿ ಒಂದು ತೆಂಗಿನಮರವೋ ಎದುರು ಮನೆಯ ತಾರಸಿಯೋ ಕಾಣುತ್ತದೆ. ಬಿಡುವೆಂದು ಹೇಳಿ ಮೊಬೈಲ್ ತೆರೆಯುವುದು ಮಾತ್ರ ಬಿಡುವಲ್ಲ: ಲ್ಯಾಪ್‌ಟಾಪ್ ಮೊಳದಾಚೆ ಇತ್ತು, ಮೊಬೈಲ್ ಒಂದೂವರೆ ಗೇಣಿಗೆ ಬಂದಿರುತ್ತದೆ, ಅಂದರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ.

ಚಲಿಸುವ ವಾಹನದಲ್ಲಿ ಎಂಥ ಕೆಲಸ ಮಾಡಬೇಕೆಂಬುದನ್ನು ಹೊರಡುವ ಮೊದಲೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಅಲುಗಾಡುವ ಪರದೆಯನ್ನು ಕಣ್ಣು ಕ್ಷಣಕ್ಷಣಕ್ಕೂ ಬೆನ್ನಟ್ಟಬೇಕಾಗುತ್ತದೆ. ದೇಹ ಚಲಿಸುತ್ತಿದೆಯೆಂದು ಕಿವಿಯೊಳಗಿನ ಸಮತೋಲನದ ಅಂಗ ಹೇಳುವಾಗ ಕಣ್ಣು ನಿಂತ ಪರದೆಯನ್ನು ತೋರಿಸಿದರೆ ವಾಕರಿಕೆಯೂ ಬರುತ್ತದೆ. ಫೋನಿನಲ್ಲಿ ಮಾತಾಡುವ ಕೆಲಸ, ಕೇಳಿಸಿಕೊಳ್ಳುವ ಸಭೆ, ಯೋಚನೆ ಮಾಡಿ ಧ್ವನಿಯಲ್ಲಿ ಟಿಪ್ಪಣಿ ಮಾಡಿಕೊಳ್ಳುವ ಕೆಲಸ ಇವನ್ನು ಪ್ರಯಾಣಕ್ಕೆ ಇಡಿ. ಕೋಷ್ಟಕ, ಕೋಡು, ತಿದ್ದುಪಡಿಗಳನ್ನು ತಲುಪಿದ ಮೇಲೆ ಮಾಡಿ. ಬೆಂಗಳೂರಿನಿಂದ ಮಂಗಳೂರಿಗೆ ಹಗಲಿನ ರೈಲಿನಲ್ಲಿ ಹೋಗುವವರು ಸಕಲೇಶಪುರ ದಾಟಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿಬಿಡಬೇಕು. ಅಲ್ಲಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಕತ್ತಲೆಗೆ ಪಾಪೆ ಅಗಲವಾಗುವಷ್ಟರಲ್ಲಿ ಬಿಸಿಲು ಬರುತ್ತದೆ, ಬಿಸಿಲಿಗೆ ಕಿರಿದಾಗುವಷ್ಟರಲ್ಲಿ ಕತ್ತಲೆ. ನೆಟ್‌ವರ್ಕ್ ಕೂಡ ಸರಿಯಾಗಿ ಸಿಗದ ಆ ದಾರಿಯಲ್ಲಿ ಹೊರಗೆ ನೋಡುವುದೇ ಕಣ್ಣಿಗೆ ಕೊಡಬಹುದಾದ ಒಳ್ಳೆಯ ಬಿಡುವು.

ಕನ್ನಡಕ ಹಾಕುವವರು ಇನ್ನೊಂದು ಜೊತೆಯಿಲ್ಲದೆ ಊರು ಬಿಡಬಾರದು. ಹಳೆಯ ಪವರಿನದಾದರೂ ಸರಿ, ಗಟ್ಟಿ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ವೈದ್ಯರ ಚೀಟಿಯ ಫೋಟೋ ಫೋನಿನಲ್ಲಿರಲಿ. ಚಾಳೀಸು ಬಂದವರ ಪಾಡು ಬೇರೆ. ದೂರಕ್ಕೂ ಓದಿಗೂ ಒಂದೇ ಗಾಜಿರುವ ಪ್ರೋಗ್ರೆಸಿವ್ ಕನ್ನಡಕದಲ್ಲಿ ಓದುವ ಭಾಗ ಕೆಳಗಿರುತ್ತದೆ, ಪರದೆಯೋ ಎದುರಿಗಿರುತ್ತದೆ. ಅದನ್ನು ನೋಡಲು ಗದ್ದ ಎತ್ತಿ ಎತ್ತಿ ಕತ್ತು ನೋಯುತ್ತದೆ, ದೂಷಣೆ ತಲೆದಿಂಬಿಗೆ ಹೋಗುತ್ತದೆ. ಪರದೆ ಇಷ್ಟು ಸೆಂಟಿಮೀಟರ್ ದೂರದಲ್ಲಿರುತ್ತದೆಂದು ಅಳೆದುಕೊಂಡು ಹೋಗಿ ಹೇಳಿದರೆ, ಆ ದೂರಕ್ಕೇ ಸರಿಹೊಂದುವ ಬೇರೆ ಕನ್ನಡಕ ಮಾಡಿಸಿಕೊಳ್ಳಬಹುದು. ನೀಲಿ ಬೆಳಕು ತಡೆಯುವ ಗಾಜಿಗೆ ಹೆಚ್ಚು ಹಣ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕೊಕ್ರೇನ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಪರಿಶೀಲನೆ 17 ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಪರದೆಯಿಂದಾಗುವ ಕಣ್ಣಿನ ಆಯಾಸವನ್ನು ಇವು ಅಲ್ಪಾವಧಿಯಲ್ಲಿ ಸಾಮಾನ್ಯ ಗಾಜಿಗಿಂತ ಹೆಚ್ಚು ತಗ್ಗಿಸಲಾರವೆಂಬ ಅಭಿಪ್ರಾಯಕ್ಕೆ ಬಂದಿತು. ಅದೇ ಹಣಕ್ಕೆ ಸ್ಟ್ಯಾಂಡ್ ಬರುತ್ತದೆ. ಬಿಸಿಲಿನ ಕನ್ನಡಕಕ್ಕೆ ಮಾತ್ರ ರಸ್ತೆ ಬದಿಯ ಅಗ್ಗದ ಮಾಲು ಬೇಡ. ಕಪ್ಪು ಗಾಜಿನ ಹಿಂದೆ ಪಾಪೆ ಅಗಲವಾಗುವುದರಿಂದ, ನೇರಳಾತೀತ ಕಿರಣ ತಡೆಯದ ಗಾಜು ಇಲ್ಲದ್ದಕ್ಕಿಂತ ಕೆಟ್ಟದಾಗಬಹುದು.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ರಾತ್ರಿ ಬಸ್ಸು ಹತ್ತುವ ಮೊದಲೇ ಅದನ್ನು ತೆಗೆದು ಕನ್ನಡಕಕ್ಕೆ ಬದಲಾಗಬೇಕು. ಲೆನ್ಸನ್ನು ನಲ್ಲಿ ನೀರಿನಲ್ಲಾಗಲಿ ಕುಡಿಯುವ ನೀರಿನಲ್ಲಾಗಲಿ ತೊಳೆಯಬಾರದು, ಹಾಕಿಕೊಂಡು ಹೊಳೆಗೆ ಇಳಿಯಬಾರದು. ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಹೊಕ್ಕರೆ ತಿಂಗಳುಗಟ್ಟಲೆ ಚಿಕಿತ್ಸೆ ಬೇಕಾಗುತ್ತದೆ, ದೃಷ್ಟಿ ಉಳಿಯದೆಯೂ ಹೋಗಬಹುದು. ಕಣ್ಣು ಕೆಂಪಾಯಿತೆಂದು ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೊಡುವ ಡ್ರಾಪ್ಸ್‌ನಲ್ಲಿ ಸ್ಟೆರಾಯ್ಡ್ ಇರಬಹುದು. ಒಮ್ಮೆ ನನಗೂ ಹಾಗೆ ಕೊಟ್ಟಿದ್ದರು. ಎರಡೇ ದಿನಕ್ಕೆ ಕೆಂಪು ಹೋಯಿತೆಂಬ ಖುಷಿಯಲ್ಲಿ ಮೂರು ಊರು ಸುತ್ತುತ್ತ ಅದನ್ನೇ ಹಾಕಿಕೊಂಡಿದ್ದೆ, ಸೀಸೆ ನೋಡಿದ ಕಣ್ಣಿನ ವೈದ್ಯರು ಕಣ್ಣಿನ ಒತ್ತಡ ಪರೀಕ್ಷಿಸದೆ ನನ್ನನ್ನು ಬಿಡಲಿಲ್ಲ. ಸ್ಟೆರಾಯ್ಡ್ ಹನಿಗಳು ಬಹುದಿನ ಬಿದ್ದರೆ ಕಣ್ಣಿನ ಒತ್ತಡ ಏರಿ ನರ ಹಾಳಾಗುವ ಗ್ಲಾಕೋಮಾವನ್ನೂ ಪೊರೆಯನ್ನೂ ತರಬಲ್ಲವು. ಒಣಗಿದ ಕಣ್ಣಿಗೆ ಬೇಕಾದದ್ದು ಕೃತಕ ಕಣ್ಣೀರು ಮಾತ್ರ. ದಿನಕ್ಕೆ ನಾಲ್ಕು ಬಾರಿಗಿಂತ ಹೆಚ್ಚು ಹಾಕಬೇಕಾದರೆ ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ ಪಡೆಯಿರಿ. ಸೀಸೆ ತೆರೆದ ದಿನಾಂಕವನ್ನು ಅದರ ಮೇಲೆ ಬರೆದಿಟ್ಟು, ಬೇರೆ ಸೂಚನೆ ಇಲ್ಲದಿದ್ದರೆ ನಾಲ್ಕು ವಾರಕ್ಕೆ ಎಸೆಯಿರಿ. ಮದ್ರಾಸ್ ಐ ಹಬ್ಬಿರುವ ದಿನಗಳಲ್ಲಿ ತಂಗಿದ ಕಡೆಯ ಟವೆಲ್ ಬಳಸದೆ ನಿಮ್ಮದನ್ನೇ ಒಯ್ಯಿರಿ.

ಆಯಾಸ ಒಂದು ರಾತ್ರಿಯ ನಿದ್ದೆಗೆ ಹೋಗುತ್ತದೆ. ಹೋಗದ ಸಂಗತಿಗಳು ಬೇರೆ: ಕಣ್ಣಿನ ಅಂಚಿನಲ್ಲಿ ಮಿಂಚು ಹೊಡೆದಂತಾಗುವುದು, ಕರಿ ಚುಕ್ಕೆಗಳು ಒಮ್ಮೆಲೇ ಮಳೆಯಂತೆ ಇಳಿಯುವುದು, ಒಂದು ಬದಿಯಿಂದ ಪರದೆ ಎಳೆದಂತೆ ಕತ್ತಲಾಗುವುದು. ಇವು ಕಣ್ಣಿನ ಹಿಂಬದಿಯ ಪದರವಾದ ಅಕ್ಷಿಪಟಲ (ರೆಟಿನಾ) ಹರಿದಿರುವುದರ ಗುರುತಾಗಿರಬಹುದು. ಸಭೆ ಇದೆ, ನಾಳೆ ಊರಿಗೆ ಹೋಗಿ ತೋರಿಸೋಣವೆನ್ನದೆ ಅಂದೇ ಹತ್ತಿರದ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆ ಇರುವವರು ತೊಂದರೆ ಇರಲಿ ಬಿಡಲಿ ವರ್ಷಕ್ಕೊಮ್ಮೆ ಪಾಪೆ ಅಗಲಿಸಿ ಅಕ್ಷಿಪಟಲ ನೋಡಿಸಿಕೊಳ್ಳಬೇಕು. ಪಾಪೆ ಅಗಲಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ಪರದೆ ಓದಲಾಗದು, ಗಾಡಿ ಓಡಿಸಲಾಗದು, ಆದ್ದರಿಂದ ರಜೆಯ ದಿನ ಹೋಗಿ. ಅಕ್ಷಿಪಟಲದ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನೊಳಗೆ ಅನಿಲದ ಗುಳ್ಳೆ ತುಂಬಿದ್ದರಂತೂ ಪ್ರಯಾಣದ ಮಾತೇ ಬದಲಾಗುತ್ತದೆ. ಎತ್ತರಕ್ಕೆ ಹೋದಂತೆ ಹೊರಗಿನ ವಾಯುಭಾರ ಇಳಿದು ಗುಳ್ಳೆ ಹಿಗ್ಗುತ್ತದೆ, ಕಣ್ಣಿನೊಳಗಿನ ಒತ್ತಡ ಏರಿ ರಕ್ತನಾಳ ಮುಚ್ಚಿಹೋಗಬಹುದು. ವಿಮಾನ ಹತ್ತಬಾರದೆಂಬುದು ಹಲವರಿಗೆ ಗೊತ್ತಿರುತ್ತದೆ. ಆದರೆ ಸಮುದ್ರಮಟ್ಟದ ಮಂಗಳೂರಿನಲ್ಲಿ ಚಿಕಿತ್ಸೆ ಮಾಡಿಸಿಕೊಂಡು, ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಗೆ ಕಾರಿನಲ್ಲಿ ಹೋಗಿ ವಿಶ್ರಾಂತಿ ಪಡೆಯುತ್ತ ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಹೊರಡುವವರಿಗೆ ಘಟ್ಟ ಹತ್ತಿದರೂ ಅದೇ ಅಪಾಯವೆಂಬುದು ಹೊಳೆಯುವುದಿಲ್ಲ. ಗುಳ್ಳೆ ಪೂರ್ತಿ ಕರಗಿದೆಯೆಂದು ವೈದ್ಯರು ನೋಡಿ ಹೇಳುವವರೆಗೆ ವಿಮಾನವೂ ಬೇಡ, ಘಟ್ಟವೂ ಬೇಡ.