ಮಳೆಯಲ್ಲಿ ಚಾರಣ: ಮೈ, ಬ್ಯಾಗು ಎರಡನ್ನೂ ಒಣಗಿಟ್ಟುಕೊಳ್ಳುವುದು ಹೇಗೆ?

ಬ್ಯಾಗಿಗೆ ರೈನ್ ಕವರ್ ಹಾಕಿದ್ದೀರಿ, ಮೈಮೇಲೆ ಒಳ್ಳೆ ಜಾಕೆಟ್ ಇದೆ. ಆದರೂ ಸಂಜೆ ಬ್ಯಾಗ್ ತೆರೆದರೆ ಒಳಗೆಲ್ಲ ಒದ್ದೆ. ನನಗೂ ಹೀಗಾಗಿದೆ. ದಿನವಿಡೀ ಮಳೆಯಲ್ಲಿ ನಡೆದು, ಟೆಂಟ್ ಹಾಕಿ, ಇನ್ನು ಬೆಚ್ಚಗೆ ಮಲಗೋಣ ಅಂತ ಸ್ಲೀಪಿಂಗ್ ಬ್ಯಾಗ್ ಹೊರಗೆ ಎಳೆದರೆ ಅದರ ಅರ್ಧ ಭಾಗ ಹಿಂಡಿದರೆ ನೀರು ಬರುವಷ್ಟು ನೆನೆದಿತ್ತು. ಕವರ್ ಎಲ್ಲೂ ಹರಿದಿರಲಿಲ್ಲ, ಜಾರಿಯೂ ಇರಲಿಲ್ಲ. ಹಾಗಾದರೆ ನೀರು ಬಂದದ್ದು ಎಲ್ಲಿಂದ?

ಬೆನ್ನಿನ ಕಡೆಯಿಂದ. ರೈನ್ ಕವರ್ ಬ್ಯಾಗಿನ ಹೊರಮೈಯನ್ನು ಮಾತ್ರ ಮುಚ್ಚುತ್ತದೆ. ಬೆನ್ನಿಗೆ ಒರಗುವ ಮೆತ್ತನೆಯ ಭಾಗ ತೆರೆದೇ ಇರುತ್ತದೆ. ಹುಡ್ ಮೇಲೆ ಬಿದ್ದ ಮಳೆ ಭುಜಕ್ಕೆ ಇಳಿಯುತ್ತದೆ, ಅಲ್ಲಿಂದ ಬೆನ್ನಿಗೂ ಬ್ಯಾಗಿಗೂ ನಡುವಿನ ಸಂದಿಗೆ. ಆ ಮೆತ್ತೆ ಸ್ಪಂಜಿನ ಹಾಗೆ ನೀರು ಹೀರಿಕೊಂಡು ಒಳಗೆ ಬಿಡುತ್ತದೆ. ಇನ್ನೂ ಕೆಟ್ಟದ್ದೆಂದರೆ, ಹಾಗೆ ಇಳಿದ ನೀರನ್ನು ಕವರಿನ ತಳವೇ ಬಟ್ಟಲಿನಂತೆ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಮಳೆ ಉಡುಪು ಆರಿಸುವಾಗ ನಿಮ್ಮನ್ನೂ ಬ್ಯಾಗನ್ನೂ ಬೇರೆ ಬೇರೆ ಅಂತ ನೋಡಬೇಡಿ. ಎರಡೂ ಸೇರಿ ಒಂದೇ ಮೈ ಅಂತ ನೋಡಿ.

ಮೊದಲು ದಾರಿ ನೋಡಿ

ಅಂಗಡಿಗೆ ಹೋಗುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಅಲ್ಲಿ ಚಳಿ ಇರುತ್ತದಾ? ಗಾಳಿ ಎಷ್ಟು? ದಾರಿಯಲ್ಲಿ ಪೊದೆ, ಮುಳ್ಳು, ಕೈಯೂರಿ ಹತ್ತುವ ಬಂಡೆ ಇವೆಯಾ?

ಚಳಿಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ, ಅಂದರೆ ಒದ್ದೆ ಬಟ್ಟೆ ಮೈಯ ಬಿಸಿಯನ್ನು ಬೇಗ ಕದಿಯುತ್ತದೆ. ಮೈಯ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. ಹಿಮ ಬೀಳುವ ಜಾಗದಲ್ಲಿ ಮಾತ್ರ ಇದು ಆಗುತ್ತದೆ ಅನ್ನುವುದು ತಪ್ಪು. 10 ಡಿಗ್ರಿಯ ಆಸುಪಾಸಿನಲ್ಲಿ ಮಳೆ, ಗಾಳಿ, ದಣಿವು ಮೂರೂ ಸೇರಿದರೆ ಸಾಕು. ಅಂಥ ಹೊತ್ತಿನಲ್ಲಿ ಬ್ಯಾಗಿನೊಳಗಿನ ಒಣ ಬಟ್ಟೆಯೇ ನಿಮ್ಮನ್ನು ಕಾಯುವುದು.

ಆಮೇಲೆ ಬಗೆ ಆರಿಸಿ

ಒಂದು, ಜಾಕೆಟ್ ಮತ್ತು ರೈನ್ ಕವರ್. ಜೋರು ಗಾಳಿಗೆ, ಬಂಡೆ ಹತ್ತುವ ದಾರಿಗೆ, ಮುಳ್ಳು ಪೊದೆಗೆ ಇದೇ ಸರಿ. ಮೈಗೆ ಅಂಟಿಕೊಂಡಿರುತ್ತದೆ, ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಆದರೆ ಬೆನ್ನಿನ ಸಂದಿಯ ತೊಂದರೆ ಹಾಗೇ ಉಳಿಯುತ್ತದೆ. ಕವರಿನ ತಳದಲ್ಲಿ ನೀರು ಹೋಗಲು ಸಣ್ಣ ತೂತು ಇದೆಯೇ, ಗಾಳಿಗೆ ಹಾರಿಹೋಗದಂತೆ ಬ್ಯಾಗಿಗೆ ಕಟ್ಟುವ ಪಟ್ಟಿ ಇದೆಯೇ ನೋಡಿ. ಬರೀ ಇಲಾಸ್ಟಿಕ್ ನಂಬಬೇಡಿ.

ಎರಡು, ಬ್ಯಾಗಿನ ಮೇಲೂ ಬರುವ ಪಾಂಚೋ, ಅಂದರೆ ತಲೆಯ ಮೇಲಿಂದ ಹಾಕಿಕೊಳ್ಳುವ ತೋಳಿಲ್ಲದ ಅಗಲ ಹೊದಿಕೆ. ಕಾಡಿನ ದಾರಿ, ಬೆಚ್ಚಗಿನ ಮಳೆ, ಮಂದ ಗಾಳಿ ಇದ್ದರೆ ನನ್ನ ಆಯ್ಕೆ ಯಾವಾಗಲೂ ಇದೇ. ಭುಜದ ಮೇಲೆ ಬಿದ್ದ ಮಳೆ ಬೆನ್ನಿನ ಸಂದಿಗೆ ಇಳಿಯಲು ದಾರಿಯೇ ಇಲ್ಲ, ನೇರ ಬ್ಯಾಗಿನ ಮೇಲಿಂದ ಜಾರಿ ಹಿಂದಕ್ಕೆ ಬೀಳುತ್ತದೆ. ಅಡಿಯಿಂದ ಗಾಳಿ ಆಡುವುದರಿಂದ ಬೆವರೂ ಕಡಿಮೆ. ಕೆಲವನ್ನು ಬಿಚ್ಚಿ ಹಗ್ಗ ಕಟ್ಟಿದರೆ ಮೇಲೆ ಸೂರೂ ಆಗುತ್ತದೆ. ಇನ್ನೊಂದು ಲಾಭವನ್ನು ಯಾರೂ ಹೇಳುವುದಿಲ್ಲ. ಜಾಕೆಟ್ ಹಾಕಿದಾಗ ಬ್ಯಾಗಿನ ಪಟ್ಟಿಗಳು ಅದರ ಭುಜವನ್ನು ಉಜ್ಜಿ ಉಜ್ಜಿ ಲೇಪ ತಿಂದುಹಾಕುತ್ತವೆ. ಪಾಂಚೋ ಪಟ್ಟಿಗಳ ಮೇಲೆ ಇರುವುದರಿಂದ ಆ ಸವೆತ ತೀರಾ ಕಡಿಮೆ. ಕೊರತೆಗಳೂ ಇವೆ, ಗಾಳಿ ಬಂದರೆ ಹಾಯಿಯಂತೆ ಉಬ್ಬುತ್ತದೆ, ಕೋಲು ಹಿಡಿದು ನಡೆಯುವವರ ಮುಂಗೈ ನೆನೆಯುತ್ತದೆ, ಮುಂಭಾಗ ಉದ್ದ ಇದ್ದರೆ ಇಳಿಜಾರಿನಲ್ಲಿ ಪಾದವೇ ಕಾಣುವುದಿಲ್ಲ. ಸೊಂಟಕ್ಕೆ ಒಂದು ದಾರ ಕಟ್ಟಿಕೊಂಡರೆ ಉಬ್ಬುವುದು ಎಷ್ಟೋ ಕಡಿಮೆಯಾಗುತ್ತದೆ. ಆದರೆ ಕಡಿದಾದ ಬಂಡೆಯ ಮೇಲೆ, ಕೊರಕಲಿನ ಅಂಚಿನಲ್ಲಿ ಪಾಂಚೋ ಬೇಡವೇ ಬೇಡ.

ಮೂರನೆಯದು ಇವೆರಡರ ನಡುವಿನದು. ತೋಳು, ಮುಂದೆ ಜಿಪ್ ಇರುವ ಉದ್ದನೆಯ ಕೋಟು, ಬೆನ್ನ ಮೇಲೆ ಬ್ಯಾಗಿಗೆಂದೇ ಗೂನಿನಂತೆ ಬಿಟ್ಟ ಜಾಗ. ಗಾಳಿಗೂ ತಡೆಯುತ್ತದೆ, ಸಂದಿಯನ್ನೂ ಮುಚ್ಚುತ್ತದೆ. ಬ್ಯಾಗ್ ಇಳಿಸಿದಾಗ ಬೆನ್ನ ಹಿಂದೆ ಬಟ್ಟೆ ಜೋತಾಡುತ್ತದೆ, ಅದನ್ನು ಮಡಚಿ ಗುಂಡಿ ಹಾಕುವ ವ್ಯವಸ್ಥೆ ಇರುವುದನ್ನೇ ಕೊಳ್ಳಿ.

ಅಳತೆ: ತುಂಬಿದ ಬ್ಯಾಗ್ ಹೊತ್ತೇ ನೋಡಿ

ಜಾಸ್ತಿ ಜನ ತಪ್ಪುವುದು ಇಲ್ಲೇ. ಖಾಲಿ ಬೆನ್ನಿನಲ್ಲಿ ಹಾಕಿ ನೋಡಿದರೆ ಪಾಂಚೋ ಮೊಣಕಾಲು ಮುಟ್ಟುತ್ತದೆ, ಚೆನ್ನಾಗಿದೆ ಅನಿಸುತ್ತದೆ. ತುಂಬಿದ ಬ್ಯಾಗ್ ಬೆನ್ನಿನಿಂದ ಒಂದು ಗೇಣಾದರೂ ಹಿಂದಕ್ಕೆ ಚಾಚಿರುತ್ತದೆ ಅಲ್ವಾ, ಅಷ್ಟು ಬಟ್ಟೆಯನ್ನು ಅದು ಮೇಲಕ್ಕೆ ಎಳೆದುಕೊಂಡು ಹಿಂದಿನ ಅಂಚು ಸೊಂಟಕ್ಕೆ ಬಂದು ನಿಲ್ಲುತ್ತದೆ. ಮನೆಯಲ್ಲೇ ಬ್ಯಾಗ್ ತುಂಬಿ ಹೊತ್ತುಕೊಳ್ಳಿ. ಕುತ್ತಿಗೆಯ ಬುಡದಿಂದ ಬ್ಯಾಗಿನ ಮೇಲೆ ಹಾಯಿಸಿ ಮೊಣಕಾಲಿನ ಹಿಂಭಾಗದವರೆಗೆ ಯಾರಾದರೂ ಟೇಪ್ ಹಿಡಿದು ಅಳೆಯಲಿ. ಪಾಂಚೋದ ಹಿಂದಿನ ಉದ್ದ ಅಷ್ಟಿರಬೇಕು. ಹಾಕಿಕೊಂಡ ಮೇಲೆ ಕೈ ಮೇಲೆತ್ತಿ, ಬಗ್ಗಿ, ತಲೆ ಎರಡೂ ಕಡೆ ತಿರುಗಿಸಿ. ಹುಡ್ ನಿಮ್ಮ ಮುಖದ ಜೊತೆಗೇ ತಿರುಗಬೇಕು.

ಬಟ್ಟೆ, ಹೊಲಿಗೆ

ಚೀಟಿಯಲ್ಲಿ 1,500, 5,000, 10,000, 20,000 ಮಿಲಿಮೀಟರ್ ಅಂತ ಬರೆದಿರುತ್ತದೆ. ಅಷ್ಟು ಎತ್ತರದ ನೀರಿನ ಒತ್ತಡವನ್ನು ಆ ಬಟ್ಟೆ ತಡೆಯುತ್ತದೆ ಅಂತ ಅರ್ಥ. ಬಟ್ಟೆಯ ಮೇಲೆ ಸುಮ್ನೆ ಬೀಳುವ ಹನಿಗೆ ಸಣ್ಣ ಸಂಖ್ಯೆ ಸಾಕು. ಬ್ಯಾಗಿನ ಪಟ್ಟಿ ಒತ್ತುವ ಭುಜಕ್ಕೆ ಸಾಲದು. ಅದಕ್ಕೇ ಜಾಕೆಟ್ ಆದರೆ 10,000 ಅಥವಾ ಮೇಲಿನದನ್ನು ನೋಡಿ. ಪಾಂಚೋಗೆ ಅಷ್ಟು ಬೇಕಿಲ್ಲ.

ಉಸಿರಾಡುವ ಬಟ್ಟೆಯ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. 1969ರಲ್ಲಿ ಬಾಬ್ ಗೋರ್ ಬಿಸಿ ಮಾಡಿದ ಪಿಟಿಎಫ್ಇ ಪ್ಲಾಸ್ಟಿಕ್ಕನ್ನು ಜೋರಾಗಿ ಎಳೆದಾಗ ಅದು ಹಿಗ್ಗಿ ಸೂಕ್ಷ್ಮ ರಂಧ್ರಗಳಾದವು, ಗೋರ್‌ಟೆಕ್ಸ್ ಹುಟ್ಟಿದ್ದು ಹಾಗೆ. ನೀರ ಹನಿಯನ್ನು ತಡೆದು ಬೆವರಿನ ಆವಿಯನ್ನು ಹೊರಗೆ ಬಿಡುವ ಪದರ ಅದು. ಆದರೆ ಹೊರಗಿನ ಗಾಳಿಯೇ ಬೆಚ್ಚಗೆ, ತೇವವಾಗಿದ್ದರೆ ಆವಿ ಹೋಗುವುದಾದರೂ ಎಲ್ಲಿಗೆ? ಅಂಥ ಕಡೆ ಕಂಕುಳ ಕೆಳಗೆ ಜಿಪ್ ಇರುವ ಜಾಕೆಟ್ ಅಥವಾ ಪಾಂಚೋವೇ ಮೇಲು.

ಹೊಲಿಗೆಯನ್ನು ಒಳಗಿನಿಂದ ತಿರುವಿ ನೋಡಿ. ಟೇಪ್ ಅಂಟಿಸಿರಬೇಕು. ಎರಡೂ ಕಡೆ ಸಿಲಿಕೋನ್ ಲೇಪ ಇರುವ ಹಗುರ ನೈಲಾನಿಗೆ ಸಾಮಾನ್ಯ ಟೇಪ್ ಹಿಡಿಯುವುದಿಲ್ಲ, ಅದಕ್ಕೆ ಸಿಲಿಕೋನ್ ಸೀಲರ್ ಅನ್ನು ನೀವೇ ಹಚ್ಚಬೇಕಾಗಬಹುದು. ಬಣ್ಣ ಎದ್ದು ಕಾಣುವಂಥದ್ದಿರಲಿ, ಮಂಜಿನಲ್ಲಿ ಜೊತೆಯವರಿಗೆ ನೀವು ಕಾಣಬೇಕು.

ಬ್ಯಾಗಿನ ಒಳಗೂ ಒಂದು ಚೀಲ

ಹೊರಗೆ ಏನೇ ಹಾಕಿ, ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರೊಳಗೇ ಸಾಮಾನು ತುಂಬಿ, ಬಾಯಿ ತಿರುಚಿ ಮಡಚಿ. ಹೊಳೆ ದಾಟುವಾಗ ಕಾಲು ಜಾರಿ ಬಿದ್ದರೂ ಸ್ಲೀಪಿಂಗ್ ಬ್ಯಾಗ್ ಒಣಗಿರುತ್ತದೆ. ಒಂದೇ ಒಂದಕ್ಕೆ ದುಡ್ಡು ಸಾಕು ಅನ್ನುವವರಿಗೆ ನಾನು ರೈನ್ ಕವರ್ ಬಿಟ್ಟು ಈ ಚೀಲ ತಗೊಳ್ಳಿ ಅನ್ನುತ್ತೇನೆ.

ಹೊರಡುವ ಮುಂಚೆ ಪರೀಕ್ಷೆ

ಹಳೆ ಪೇಪರನ್ನು ಉಂಡೆ ಮಾಡಿ ಬ್ಯಾಗ್ ತುಂಬಿ. ಈ ಸಲ ಒಳಗಿನ ಚೀಲ ಬೇಡ. ಎಲ್ಲ ಹಾಕಿಕೊಂಡು ಶವರ್ ಕೆಳಗೆ ಹದಿನೈದು ನಿಮಿಷ ನಿಲ್ಲಿ, ತಿರುಗಿ, ಬಗ್ಗಿ. ಆಮೇಲೆ ಪೇಪರ್ ಒಂದೊಂದಾಗಿ ತೆಗೆದು ನೋಡಿ. ಬೆನ್ನಿನ ಕಡೆಯದು ಒದ್ದೆಯೋ, ತಳದ್ದೋ, ಮೇಲಿನದೋ? ಎಲ್ಲಿ ಸೋರುತ್ತಿದೆ ಅಂತ ಅಲ್ಲೇ ತಿಳಿಯುತ್ತದೆ.

ವಾಪಸ್ ಬಂದ ಮೇಲೆ ಚೆನ್ನಾಗಿ ಒಣಗಿಸಿಯೇ ಮಡಚಿಡಿ. ತೇವದಲ್ಲಿಟ್ಟರೆ ಪಾಲಿಯುರಿಥೇನ್ ಲೇಪ ಕ್ರಮೇಣ ಅಂಟಂಟಾಗಿ ಸುಲಿದು ಬರುತ್ತದೆ. ಹನಿಗಳು ಜಾರದೆ ಬಟ್ಟೆಗೆ ಇಂಗತೊಡಗಿದರೆ ತೊಳೆದು, ಚೀಟಿಯಲ್ಲಿ ಹೇಳಿದಷ್ಟೇ ಬಿಸಿಯಲ್ಲಿ ಒಣಗಿಸಿ. ಆಗಲೂ ಜಾರದಿದ್ದರೆ ನೀರು ಜಾರಿಸುವ ಸ್ಪ್ರೇ ಹೊಡೆಯಿರಿ. ಮುಂದಿನ ಸಲ ಬ್ಯಾಗ್ ಕಟ್ಟುವಾಗ ಮಳೆ ಉಡುಪನ್ನು ಎಲ್ಲಕ್ಕಿಂತ ಮೇಲೆ ಅಥವಾ ಹೊರಗಿನ ಜೇಬಿನಲ್ಲಿ ಇಡಿ, ಮೊದಲ ಹನಿ ಬಿದ್ದಾಗ ಬ್ಯಾಗ್ ಪೂರ್ತಿ ಬಿಚ್ಚದೆಯೇ ಕೈಗೆ ಸಿಗಬೇಕು.