ಎಣ್ಣೆ ತಲೆಗೂ ಮಳೆಗಾಲಕ್ಕೂ ಜಗ್ಗದ ಹಲಸಿನ ಹೆಡ್‌ಬೋರ್ಡ್

ಎರಡು ಮಳೆಗಾಲ ಕಳೆಯಿತು. ಬಿರುಕಿಲ್ಲ, ಬೂಷ್ಟಿಲ್ಲ, ಎಣ್ಣೆ ಕಲೆಯಿಲ್ಲ. ಇನ್ನು ಧೈರ್ಯವಾಗಿ ಬರೆಯಬಹುದು ಅನ್ನಿಸಿತು.

ನಮ್ಮದು ತೀರ್ಥಹಳ್ಳಿ ಕಡೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಗೆದ ಬಟ್ಟೆಯೇ ಒಣಗೋದಿಲ್ಲ, ಇನ್ನು ಮರದ ಪಾಡು ಕೇಳಬೇಕಾ? 2020ರ ಮಳೆಗಾಲದಲ್ಲಿ ಹಿತ್ತಲಿನ ಹಲಸಿನ ಮರ ಗಾಳಿಗೆ ಉರುಳಿತು. ಸಾಮಿಲ್‌ಗೆ ಹಾಕಿ ಒಂದೂಕಾಲು ಇಂಚಿನ ಹಲಗೆ ಕೊಯ್ಯಿಸಿದೆ. ಸಾಗಾಟ ಸೇರಿ ಮೂರು ಸಾವಿರದ ಹತ್ತಿರ ಆಯಿತು. ಅಮ್ಮನ ಮಂಚಕ್ಕೆ ಇದರಲ್ಲೇ ಹೆಡ್‌ಬೋರ್ಡ್ ಮಾಡ್ತೀನಿ ಅಂದಾಗ ನಮ್ಮ ಮರಗೆಲಸದ ಆಚಾರ್ರು ಒಪ್ಪಲಿಲ್ಲ. "ಹಲಸು ಬಾಗಿಲಿಗೆ ಸೈ. ಅಷ್ಟಗಲದ ಹಲಗೆ ಮಳೆಗಾಲದಲ್ಲಿ ಬಾಗುತ್ತೆ. ಸುಮ್ನೆ ಪ್ಲೈವುಡ್ ಹಾಕಿ ಮೈಕಾ ಅಂಟಿಸಿ" ಅಂದರು. ಅಂಗಡಿಯಲ್ಲಿ ಅದಕ್ಕೆ 14 ಸಾವಿರ ಹೇಳಿದ್ದರು. ವೀಣೆಗೆ, ಮೃದಂಗಕ್ಕೆ ಆಗುವ ಮರ ಮಂಚಕ್ಕೆ ಆಗಲ್ವಾ ಅಂತ ನನ್ನ ಹಟ.

ಅಮ್ಮನಿಗೆ ದಿನಾ ತಲೆಗೆ ಕೊಬ್ಬರಿ ಎಣ್ಣೆ ಬೇಕು. ಸಂಜೆ ಮಂಚದಲ್ಲಿ ಒರಗಿ ಪೇಪರ್ ಓದುತ್ತಾರೆ. ಅವರ ತಲೆ ತಾಗುವ ಕಡೆ ಗೋಡೆಯಲ್ಲಿ ತಟ್ಟೆಯಗಲ ಕಪ್ಪು ಗುರುತು. ಎಷ್ಟು ಸಲ ಬಣ್ಣ ಹೊಡೆದರೂ ತಿಂಗಳೊಳಗೆ ಮತ್ತೆ ಮೂಡುತ್ತಿತ್ತು. ಹಾಗಾಗಿ ನನಗೆ ಹೆಡ್‌ಬೋರ್ಡ್ ಚೆಂದ ಕಂಡರೆ ಸಾಲದು, ಎಣ್ಣೆ ಕುಡಿಯಲೂ ಬಾರದು.

ಮೊದಲನೆಯದನ್ನು 2022ರ ಏಪ್ರಿಲ್‌ನಲ್ಲಿ ಮಾಡಿದೆ. ಮೂರು ಹಲಗೆಗಳನ್ನು ಫೆವಿಕಾಲ್ ಹಾಕಿ ಅಂಚಿಗೆ ಅಂಚು ಕೂಡಿಸಿ, 18 ಇಂಚು ಅಗಲದ ಒಂದೇ ಹಲಗೆ ಮಾಡಿ, ಎರಡು ಕಾಲುಗಳಿಗೆ ಸ್ಕ್ರೂ ಹೊಡೆದು ಬಿಗಿದೆ. ನೋಡಿದವರೆಲ್ಲ ಹೊಗಳಿದರು. ಜುಲೈಗೆ ಅದು ಉಬ್ಬಿ ಮಧ್ಯದಲ್ಲಿ ಮುಂದೆ ಬಂತು. ಒಣಗಿದಾಗ ಸರಿ ಹೋಗುತ್ತೆ ಅಂತ ಕಾದೆ. ಮಾರ್ಚ್‌ನ ಒಂದು ರಾತ್ರಿ ಕೋಣೆಯಲ್ಲಿ ಪಟಾರ್ ಅಂತ ಸದ್ದು. ಅಮ್ಮ ಎದ್ದು ಲೈಟ್ ಹಾಕಿದರೆ ಈ ತುದಿಯಿಂದ ಆ ತುದಿಗೆ ಬಿರುಕು. ಅಂಟು ಬಿಟ್ಟಿರಲಿಲ್ಲ, ಪಕ್ಕದ ಮರವೇ ಸೀಳಿತ್ತು. ಮಳೆಗಾಲದಲ್ಲಿ ಹಿಗ್ಗಲು ಜಾಗ ಸಿಗದೆ ಒಳಗೊಳಗೇ ಒತ್ತಿಕೊಂಡ ಮರ, ಬೇಸಿಗೆಯಲ್ಲಿ ಕುಗ್ಗುವಾಗ ಸ್ಕ್ರೂ ಬಿಡಲಿಲ್ಲ. ಇನ್ನೇನು ಮಾಡೀತು?

ಎರಡನೇ ಸಲ ಅಂಟನ್ನು ಹಲಗೆಗಳ ಹತ್ತಿರವೂ ತರಲಿಲ್ಲ. ಎರಡೂ ಕಾಲುಗಳ ಒಳಮೈಗೆ ಅರ್ಧ ಇಂಚು ಆಳದ ಗ್ರೂವ್ ತೆಗೆದೆ. ಹಲಗೆಗಳ ಅಂಚನ್ನು ಅರ್ಧ ದಪ್ಪಕ್ಕೆ ಇಳಿಸಿ ಒಂದರ ಮೇಲೊಂದು ಕೂರುವ ಹಾಗೆ ಮಾಡಿ, ಮೇಲಿನಿಂದ ಜಾರಿಸಿದೆ. ಕೆಳಗಿನ ಹಲಗೆಗೆ ಮಾತ್ರ ಮಧ್ಯದಲ್ಲಿ ಸ್ಕ್ರೂ. ಮೇಲೆ ಟೋಪಿ ಹಾಗೆ ಒಂದು ಪಟ್ಟಿ, ಅದರೊಳಗೂ ಗ್ರೂವ್. ಹಲಗೆ ಹಿಗ್ಗಿದರೂ ಕುಗ್ಗಿದರೂ ಆ ಪಟ್ಟಿಯೊಳಗೇ, ಹೊರಗೆ ಗೊತ್ತಾಗೋದಿಲ್ಲ. ಕೆಲಸ ಮಾಡಿದ್ದು ಜನವರಿಯಲ್ಲಿ, ಆದ್ದರಿಂದ ಸಡಿಲ ಬಿಟ್ಟೆ. ಮಳೆಗಾಲದಲ್ಲಿ ಮಾಡುವವರು ಬಿಗಿಯಾಗಿಯೇ ಕೂರಿಸಿ. ಈ ಹಲಗೆಗಳು ಅಷ್ಟು ಹೊತ್ತಿಗೆ ಒಲೆಯ ಮೇಲಿನ ಅಟ್ಟದಲ್ಲಿ ಮೂರು ವರ್ಷ ಹೊಗೆ ಕುಡಿದಿದ್ದವು. ಒಂದಕ್ಕೂ ಕುಟ್ಟೆ ಹುಳ ಹಿಡಿದಿರಲಿಲ್ಲ. ಕೊಟ್ಟಿಗೆಯಲ್ಲಿಟ್ಟ ಹಲಗೆಗಳ ತೊಗಟೆ ಕಡೆಯ ಬಿಳಿ ಭಾಗ ಪೂರ್ತಿ ಪುಡಿ.

ಮರಗೆಲಸ ಅಲ್ಲಿಗೆ ಮುಗಿಯಿತು. ನನ್ನನ್ನು ಜಾಸ್ತಿ ಕಾಡಿದ್ದು ಪಾಲಿಶ್.

ಮೊದಲನೇ ಹೆಡ್‌ಬೋರ್ಡಿಗೆ ಬರೀ ಅಗಸೆ ಎಣ್ಣೆ ಒರೆಸಿದ್ದೆ. ಹಲಸಿಗೆ ಅದರಷ್ಟು ಚೆಂದದ ಬಣ್ಣ ಕೊಡೋದು ಬೇರೆ ಇಲ್ಲ, ಒಪ್ಪುತ್ತೇನೆ. ಆದರೆ ಆಗಸ್ಟ್‌ನಲ್ಲಿ ಹಿಂಭಾಗಕ್ಕೆಲ್ಲ ಬೂಷ್ಟು ಬಂತು, ಅಮ್ಮ ಒರಗುವ ಕಡೆ ಅದೇ ತಟ್ಟೆಯಗಲದ ಗುರುತು. (ಆ ಎಣ್ಣೆ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ಅದ್ದಿ ಹರಡಿ.) ಆಮೇಲೆ ಹಲಗೆಯ ಮೇಲಿನ ಎಣ್ಣೆಯನ್ನು ಉಜ್ಜಿ ತೆಗೆದು ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು ಹಚ್ಚಿದೆ, ಅದೂ ಮಳೆ ಸುರಿಯುವಾಗ. ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಮಬ್ಬು ಕಟ್ಟಿತು. ಬಿಸಿಲು ಬಂದ ಮೇಲೆ ಸ್ಪಿರಿಟ್ ಬಟ್ಟೆ ಆಡಿಸಿದಾಗ ಮಬ್ಬು ಹೋಯಿತು. ಅರಗಿನ ಮೇಲೆ ಗಟ್ಟಿ ಇರಲಿ ಅಂತ ಪಿಯು (ಪಾಲಿಯುರೆಥೇನ್ ವಾರ್ನಿಶ್) ಹೊಡೆದೆ. ಎರಡು ತಿಂಗಳಿಗೆ ಉಗುರು ತಾಗಿದರೆ ಬಾಳೆಹಣ್ಣಿನ ಸಿಪ್ಪೆ ಹಾಗೆ ಎದ್ದು ಬಂತು. ಅಷ್ಟು ಹೊತ್ತಿಗೆ ಪಾಲಿಶ್ ಸಾಮಾನಿಗೇ ಎರಡೂವರೆ ಸಾವಿರ ಹೋಗಿತ್ತು.

ತಪ್ಪು ಪಿಯುದಲ್ಲ, ಅರಗಿನಲ್ಲಿರುವ ಮೇಣದ್ದು. ಮೇಣದ ಮೇಲೆ ಪಿಯು ಹಿಡಿಯೋದಿಲ್ಲ. ಈಗ ನಾನು ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ತೆಳ್ಳಗೆ ಕರಗಿಸಿ, ಗಾಜಿನ ಬಾಟಲಿಯಲ್ಲಿ ಹತ್ತು ದಿನ ಅಲುಗಾಡಿಸದೆ ಇಡುತ್ತೇನೆ. ತಳದಲ್ಲಿ ಗಂಜಿ ಹಾಗೆ ಬಿಳಿ ಮೇಣ ಕೂರುತ್ತದೆ. ಮೇಲಿನದು ತಿಳಿಯಾಗಿ ಚಹಾ ಡಿಕಾಕ್ಷನ್ ಬಣ್ಣಕ್ಕೆ ಬರುತ್ತದೆ. ಆ ತಿಳಿಯನ್ನು ಮಾತ್ರ ಬಗ್ಗಿಸಿಕೊಂಡು ಎರಡು ಕೈ ಹಚ್ಚಿದೆ. ಅದರ ಮೇಲೆ ಪಿಯುಗೆ ಅಷ್ಟೇ ಥಿನ್ನರ್ ಸೇರಿಸಿ, ಬ್ರಷ್ ಬಿಟ್ಟು ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿದ್ದು ಆರು ಕೈ, ದಿನಕ್ಕೊಂದರಂತೆ. ನಡುನಡುವೆ 320 ನಂಬರ್ ಉಪ್ಪುಕಾಗದದಲ್ಲಿ ಲೈಟಾಗಿ ಉಜ್ಜಿದೆ. ಬೆಳಗಿನ ಮಂಜು ಪೂರ್ತಿ ಹೋಗಿ ಹನ್ನೊಂದು ಗಂಟೆ ಆಗುವ ತನಕ ಡಬ್ಬಿ ಮುಚ್ಚಳ ತೆಗೆಯುತ್ತಿರಲಿಲ್ಲ. ತಲೆ ತಾಗುವ ಜಾಗಕ್ಕೆ ಬೇರೆ ಒಂದು ಕೈ ಇದೆ. ಅದು ಏನು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬಣ್ಣಕ್ಕೆ ಏನೂ ಹಾಕಿಲ್ಲ. ಹೊಸ ಹಲಸು ಅರಿಶಿನದ ಹಾಗಿರುತ್ತೆ, ಬಿಸಿಲಿಗೆ ಇಟ್ಟರೆ ತಾನೇ ಕೆಂಚಗಾಗುತ್ತದೆ. ಅಂಗಳದಲ್ಲಿ ಒಂದು ವಾರ ಮಗುಚಿ ಮಗುಚಿ ಇಟ್ಟೆ. ಹೀಗೆ ಇಟ್ಟಾಗ ಒಂದು ಜರಿಗಿಡದ ಎಲೆ ಹಲಗೆ ಮೇಲೆ ಅಂಟಿಕೊಂಡಿತ್ತು. ಸಂಜೆ ತೆಗೆದರೆ ಎಲೆಯ ಆಕಾರ ಹಳದಿಯಾಗಿ ಅಚ್ಚೊತ್ತಿದ ಹಾಗಿತ್ತು! ಆಮೇಲೆ ಬೇಕಂತಲೇ ಹತ್ತು ತುಂಡುಗಳ ಮೇಲೆ ಬೇರೆ ಬೇರೆ ಎಲೆ ಇಟ್ಟು ನೋಡಿದೆ. ಕಾಲ ಹೋದ ಹಾಗೆ ಆ ಅಚ್ಚೂ ಕೆಂಚಗಾಗಿ ಮಾಯವಾಯಿತು, ಬೇಜಾರಾಯಿತು. ಗರಗಸದ ಹುಡಿಯನ್ನೂ ಬಿಡಲಿಲ್ಲ. ಬೌದ್ಧ ಭಿಕ್ಷುಗಳ ಬಟ್ಟೆಗೆ ಹಿಂದಿನಿಂದ ಕೆಲವು ಕಡೆ ಹಲಸಿನ ಬಣ್ಣ ಹಾಕುತ್ತಾರೆ. ನಾನೂ ಹುಡಿ ಕುದಿಸಿ, ಪಟಿಕ ಹಾಕಿ ಒಂದು ಟವೆಲ್ ಅದ್ದಿದೆ. ಚಿನ್ನದಂಥ ಹಳದಿ ಬಂತು. ಅದೇ ನೀರನ್ನು ಗಟ್ಟಿ ಮಾಡಿ, ಮೇಲಿನ ಪಟ್ಟಿಯಲ್ಲಿ ಉಳಿದಿದ್ದ ಬಿಳಿ ಭಾಗಕ್ಕೆ ಹಚ್ಚಿದೆ. ಈಗ ಅದು ಎಲ್ಲಿದೆ ಅಂತ ಹುಡುಕಬೇಕು.

ಕಾಲುಗಳನ್ನು ಮಂಚಕ್ಕೆ ಬೋಲ್ಟ್ ಹಾಕುವಾಗ ನಡುವೆ ಹಳೇ ಸೈಕಲ್ ಟ್ಯೂಬಿನ ತುಂಡು ಇಟ್ಟಿದ್ದೇನೆ. ಮಗ್ಗುಲು ಬದಲಿಸಿದರೂ ಕಿರ್ ಅನ್ನೋದಿಲ್ಲ. ಎರಡನೇ ಸಲದ ಖರ್ಚು: ಪಿಯು, ಥಿನ್ನರ್ 700, ಅರಗು ಮತ್ತು ಸ್ಪಿರಿಟ್ 500, ಕಾಗದ, ಬೋಲ್ಟು ಎಲ್ಲ ಸೇರಿ ಇನ್ನೊಂದು 400. ನೆನಪಿನಿಂದ ಹೇಳ್ತಿದ್ದೀನಿ, ನೂರಿನ್ನೂರು ಆಚೀಚೆ. ಹಾಳಾಗಿದ್ದು, ಕೊಯ್ಯಿಸಿದ್ದು ಸೇರಿಸಿದರೂ ಏಳು ಸಾವಿರದ ಆಸುಪಾಸು ಅಷ್ಟೇ.

ಅಮ್ಮ ಪ್ರತಿ ಶನಿವಾರ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಜಿಡ್ಡು ಬಟ್ಟೆಗೆ ಬರುತ್ತದೆ, ಹಲಗೆ ಹಾಗೇ ಇರುತ್ತದೆ. ಕಳೆದ ಜುಲೈನಲ್ಲಿ ಆಚಾರ್ರು ಬಂದವರು ಮಂಚದ ಹಿಂದೆ ಬಗ್ಗಿ, ಮೇಲಿನ ಪಟ್ಟಿಯೊಳಗಿನ ಸಂದಿಗೆ ಪೋಸ್ಟ್‌ಕಾರ್ಡ್ ತೂರಿಸಲು ನೋಡಿದರು. ಹೋಗಲಿಲ್ಲ. ಮಾರ್ಚ್‌ನಲ್ಲಿ ಮತ್ತೆ ಬಂದಾಗ ಕೇಳದೇ ಕೋಣೆಗೆ ಹೋಗಿ ಅದೇ ಸಂದಿಗೆ ಕಿರುಬೆರಳಿಟ್ಟರು. ಅರ್ಧ ಉಗುರು ಒಳಗೆ ಹೋಯಿತು. "ಆ ಅರಗಿನ ಬಾಟಲಿ ಎಲ್ಲಿಟ್ಟಿದ್ದೀರಿ, ತೋರಿಸಿ" ಅಂದರು.