ಅದು ಗ್ಯಾಸ್ ಅಲ್ಲದಿದ್ದರೆ? ಇಂಗ್ಲೆಂಡಿನಲ್ಲಿರುವ ನಮ್ಮ ಗಂಡಸರಿಗೆ ಒಂದಿಷ್ಟು ಜಿಪಿ ಪಾಠ

ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಪಕ್ಕ ಹತ್ತು ಸ್ಟ್ರಿಪ್ ಡೋಲೊ, ಒಂದು ಡಬ್ಬಿ ಈನೋ. ತಲೆನೋವಿಗೆ ಅದು, ಎದೆಯಲ್ಲಿ ಏನೋ ಹಿಡಿದ ಹಾಗಾದರೆ ಇದು. ಏಳು ವರ್ಷ ನಾನೂ ಹೀಗೇ ಕಾಲ ಹಾಕಿದೆ.

ಬೆಂಗಳೂರಿನಲ್ಲಾದರೆ ಮನಸ್ಸು ಬಂದ ದಿನ ಖಾಲಿ ಹೊಟ್ಟೆಯಲ್ಲಿ ಯಾವುದೋ ಲ್ಯಾಬಿಗೆ ಹೋಗಿ ದುಡ್ಡು ಕೊಟ್ಟರೆ ಸಂಜೆಯೊಳಗೆ ಶುಗರ್, ಕೊಲೆಸ್ಟ್ರಾಲ್ ಎಲ್ಲಾ ವಾಟ್ಸಾಪಿಗೆ ಬರುತ್ತದೆ, ಹೃದಯದ ಡಾಕ್ಟರ್ ಬೇಕೆಂದರೆ ನೇರ ಹೋಗಿ ಟೋಕನ್ ತಗೊಂಡು ಕೂರಬಹುದು. ಇಲ್ಲಿ ಮುಖ್ಯ ಬಾಗಿಲು ಒಂದೇ, ಜಿಪಿ, ಅಂದರೆ ನಮ್ಮ ಫ್ಯಾಮಿಲಿ ಡಾಕ್ಟರ್ ಇದ್ದ ಹಾಗೆ. ನೀವಾಗಿ ಬಾಯಿ ಬಿಡದಿದ್ದರೆ ಆ ಬಾಗಿಲು ತೆರೆಯುವುದಿಲ್ಲ. ಬಾಯಿ ಬಿಡುವುದೇ ನಮಗೆ ಬರುವುದಿಲ್ಲ, ಅಲ್ವಾ?

ಮೊದಲು ದುಡ್ಡಿನ ಮಾತು. ವೀಸಾ ಜೊತೆ ಆರೋಗ್ಯದ ಸರ್‌ಚಾರ್ಜ್ ಕಟ್ಟಿದ್ದೀರಿ. 2024ರ ಫೆಬ್ರವರಿಯಿಂದ ಅದು ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್. ಐದು ವರ್ಷದ ವೀಸಾ ಅಂದರೆ 5,175. ಇಷ್ಟು ಕೊಟ್ಟು ಜಿಪಿ ಹತ್ತಿರ ಹೆಸರೇ ಬರೆಸದ ಗಂಡಸರು ನನಗೇ ನಾಲ್ಕೈದು ಜನ ಗೊತ್ತು. ಮಕ್ಕಳ ಲಸಿಕೆಗೆ ಅಂತ ಹೆಂಡತಿ ಮಕ್ಕಳ ಹೆಸರು ಇರುತ್ತದೆ, ಇವರದು ಮಾತ್ರ ಇಲ್ಲ. ಆನ್‌ಲೈನಿನಲ್ಲಿ ಹತ್ತು ಹದಿನೈದು ನಿಮಿಷದ ಕೆಲಸ. ವಿಳಾಸದ ಪುರಾವೆ, ಪಾಸ್‌ಪೋರ್ಟ್ ಇಲ್ಲ ಅನ್ನುವ ಕಾರಣಕ್ಕೆ ಅವರು ಆಗಲ್ಲ ಅನ್ನುವ ಹಾಗಿಲ್ಲ.

ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿದರೆ ರಿಸೆಪ್ಷನಿಸ್ಟ್ ‘ಏನು ತೊಂದರೆ’ ಎಂದು ಕೇಳುತ್ತಾಳೆ. ಇವಳಿಗ್ಯಾಕೆ ನಮ್ಮ ಊಸಾಬರಿ ಎಂದು ಸಿಟ್ಟಾಗಬೇಡಿ. ನಿಮ್ಮನ್ನು ಡಾಕ್ಟರಿಗೆ ಕಳಿಸಬೇಕೋ, ನರ್ಸಿಗೋ, ಫಾರ್ಮಸಿಗೋ ಎಂದು ನೋಡುವುದು ಅವಳ ಕೆಲಸ. ಮೂತ್ರದ ತೊಂದರೆಯೋ, ಹಾಸಿಗೆಯ ತೊಂದರೆಯೋ ಆಗಿದ್ದರೆ ‘ಇದು ಖಾಸಗಿ ವಿಷಯ’ ಅಂದರೆ ಸಾಕು. ಇಲ್ಲದಿದ್ದರೆ ಸರ್ಜರಿಯ (ಜಿಪಿ ಕ್ಲಿನಿಕ್ಕಿಗೆ ಇಲ್ಲಿ ಹಾಗನ್ನುತ್ತಾರೆ) ವೆಬ್‌ಸೈಟಿನ ಫಾರಂ ತುಂಬಿ.

ಒಳಗೆ ಹೋದರೆ ಸಿಗುವುದು ಸುಮಾರು ಹತ್ತು ನಿಮಿಷ. ನಮ್ಮವರು ಎಂಟು ನಿಮಿಷ ಮಂಡಿನೋವು ಹೇಳಿ, ಬಾಗಿಲ ಹತ್ತಿರ ಎದ್ದು ನಿಂತಾಗ ‘ಅಂದ ಹಾಗೆ ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತೆ’ ಅನ್ನುತ್ತಾರೆ. ಅದನ್ನು ಮೊದಲು ಹೇಳಿ ಮಾರಾಯರೇ. ಭಾಷೆಯದೂ ಒಂದು ಪೇಚು. ‘ಉಷ್ಣ ಆಗಿದೆ’, ‘ಪಿತ್ತ ಕೆದರಿದೆ’ ಎಂಬುದನ್ನು ಇಂಗ್ಲಿಷಿಗೆ ತರಲು ಹೋದರೆ ಡಾಕ್ಟರ್ ಸುಮ್ನೆ ಮುಖ ನೋಡುತ್ತಾರೆ. ‘ಗ್ಯಾಸ್’ ಅಂತೂ ಬೇಡವೇ ಬೇಡ. ಎಲ್ಲಿ ನೋವು, ಯಾವಾಗಿಂದ, ಏನು ಮಾಡಿದರೆ ಜಾಸ್ತಿ, ಇಷ್ಟನ್ನು ಫೋನಿನಲ್ಲಿ ಬರೆದುಕೊಂಡು ಹೋಗಿ. ಇಂಗ್ಲಿಷಿನಲ್ಲಿ ಹೇಳಲು ಕಷ್ಟವಾದರೆ ಕನ್ನಡದ ದುಭಾಷಿ ಬೇಕು ಎಂದು ಮೊದಲೇ ಕೇಳಿ, ಅದಕ್ಕೆ ದುಡ್ಡಿಲ್ಲ. ಇದ್ದಕ್ಕಿದ್ದ ಹಾಗೆ ಎದೆ ನೋವು ಬಂದು ಕೈಗೋ ದವಡೆಗೋ ಹರಡಿದರೆ, ಬೆವರು ಕಿತ್ತುಕೊಂಡು ಬಂದರೆ, ಜಿಪಿಯೂ ಬೇಡ, ಈನೋನೂ ಬೇಡ. ಆಂಬುಲೆನ್ಸ್ ಕರೆಯುವ ತುರ್ತು ನಂಬರ್ 999.

ನನ್ನ ಕಣ್ಣು ತೆರೆಸಿದ್ದು ಫಾರ್ಮಸಿ. ಹೆಂಡತಿಯ ಔಷಧಿ ತರಲು ಹೋಗಿದ್ದೆ. ಕೌಂಟರಿನ ಹುಡುಗಿ ‘ನಲವತ್ತು ದಾಟಿದೆಯಾ? ಬಿಪಿ ನೋಡುತ್ತೇವೆ, ಫ್ರೀ’ ಎಂದಳು. ಫ್ರೀ ಅಂದಿದ್ದಕ್ಕೆ ಕೂತೆ. 162, 98. ಇನ್ನೊಮ್ಮೆ ನೋಡಿದರೂ ಹೆಚ್ಚುಕಮ್ಮಿ ಅಷ್ಟೇ. ಅಲ್ಲಿ 140/90 ದಾಟಿದರೆ ಜಾಸ್ತಿ ಎಂದು ಲೆಕ್ಕ. 24 ಗಂಟೆ ತೋಳಿಗೆ ಕಟ್ಟಿಕೊಳ್ಳುವ ಮಿಷನ್ ಕೊಟ್ಟು ಕಳಿಸಿದರು. ಹಗಲೆಲ್ಲ ಅರ್ಧ ಗಂಟೆಗೊಮ್ಮೆ ಗುಂಯ್ ಎಂದು ಉಬ್ಬಿ ತೋಳು ಹಿಂಡುತ್ತದೆ, ಮೀಟಿಂಗಿನಲ್ಲಿ ನಾನು ಮ್ಯೂಟ್ ಹಾಕಿಕೊಂಡೇ ಕೂತಿದ್ದೆ, ಮನೆಯಲ್ಲಿ ಮಗಳು ಅದು ಯಾವಾಗ ಉಬ್ಬುತ್ತದೆ ಎಂದು ಕಾದು ಕೂತಿದ್ದಳು. ಒಂದು ದಿನವೂ ನನಗೆ ತಲೆ ಸುತ್ತಿರಲಿಲ್ಲ. ಈಗ ದಿನಾ ಒಂದು ಮಾತ್ರೆ.

ಇನ್ನು 40ರಿಂದ 74 ವಯಸ್ಸಿನವರಿಗೆ, ಆಗಲೇ ಶುಗರ್, ಬಿಪಿ, ಹೃದಯದ ಕಾಯಿಲೆ ಇಲ್ಲದಿದ್ದರೆ, ಐದು ವರ್ಷಕ್ಕೊಮ್ಮೆ ‘ಎನ್‌ಎಚ್‌ಎಸ್ ಹೆಲ್ತ್ ಚೆಕ್’ ಇದೆ, ಎನ್‌ಎಚ್‌ಎಸ್ ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ. ಕಾಗದ ಬರದಿದ್ದರೆ ನೀವೇ ಕೇಳಿ. ನಮ್ಮ ಕಡೆಯವರಿಗೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕವೇ ಬೇರೆ. ಬಿಳಿಯರಿಗೆ 25 ದಾಟಿದರೆ ತೂಕ ಜಾಸ್ತಿ, ನಮಗೆ 23ಕ್ಕೇ. ಐವತ್ತು ತುಂಬಿದರೆ ಕರುಳಿನ ಕ್ಯಾನ್ಸರ್ ಪರೀಕ್ಷೆಯ ಕಿಟ್ ಎರಡು ವರ್ಷಕ್ಕೊಮ್ಮೆ ಅಂಚೆಯಲ್ಲಿ ಬರುತ್ತದೆ. ಮಲದ ಸ್ಯಾಂಪಲ್ ತೆಗೆಯಬೇಕು, ಛೀ ಎಂದು ಡ್ರಾಯರಿಗೆ ಸೇರಿಸಬೇಡಿ. ಪ್ರಾಸ್ಟೇಟ್ ಕ್ಯಾನ್ಸರ್ ಪರೀಕ್ಷೆಗೆ ಎಲ್ಲರನ್ನೂ ಹಾಗೆ ಕರೆಯುವ ಪದ್ಧತಿ ಇಲ್ಲ. ಐವತ್ತಾದವರು ಜಿಪಿ ಹತ್ತಿರ ಮಾತಾಡಿ ಪಿಎಸ್‌ಎ ರಕ್ತಪರೀಕ್ಷೆ ಕೇಳಬಹುದು.

ಮನಸ್ಸಿನ ವಿಷಯಕ್ಕೆ ಜಿಪಿಯನ್ನೂ ದಾಟಿ ನೇರ ಹೋಗಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ‘ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್’ ಎಂದು ಹುಡುಕಿ, ನಿಮ್ಮ ಏರಿಯಾದ ಫಾರಂ ತುಂಬಿ. ಕಳೆದ ಎರಡು ವಾರದಲ್ಲಿ ನಿದ್ದೆ ಹೇಗಿದೆ, ಹಸಿವು ಹೇಗಿದೆ, ಯಾವುದರಲ್ಲೂ ಆಸಕ್ತಿ ಇಲ್ಲವಾ, ಈ ಥರದ ಪ್ರಶ್ನೆ ಕೇಳುತ್ತಾರೆ. ನಾವು ಖಿನ್ನತೆ ಎನ್ನುವುದಿಲ್ಲ, ‘ಯಾಕೋ ಏನೂ ಬೇಡ ಅನ್ಸುತ್ತೆ’ ಅನ್ನುತ್ತೇವೆ. ಅದನ್ನೇ ಹೇಳಿ, ಸಾಕು. ಕಾಯಬೇಕಾಗಬಹುದು, ಆದರೆ ಫೀಸಿಲ್ಲ. ಆಫೀಸಿಗೆ ಗೊತ್ತಾದರೆ ಎಂಬ ಭಯವಿದ್ದರೆ, ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮ ಕಂಪನಿಗೆ ಜಿಪಿ ವರದಿ ಕೊಡುವ ಹಾಗಿಲ್ಲ. ಕಾಯುವಷ್ಟು ತ್ರಾಣ ಇಲ್ಲ ಅನ್ನಿಸಿದರೆ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ ಎರಡನೇ ಆಯ್ಕೆ ಒತ್ತಿ, ಹಗಲು ರಾತ್ರಿ ಯಾವಾಗ ಬೇಕಾದರೂ. ಮನಸ್ಸಿನ ಭಾರ ಕೇಳಿಸಿಕೊಳ್ಳುವ ಸಮರಿಟನ್ಸ್ ಸಂಸ್ಥೆಯ ನಂಬರ್ 116 123, ಅದೂ ಫ್ರೀ. ಜೀವಕ್ಕೇ ಅಪಾಯ ಅನ್ನಿಸಿದರೆ ಆಗಲೂ 999.

ಕಳೆದ ಡಿಸೆಂಬರಿನಲ್ಲಿ, ನಾಲ್ಕಕ್ಕೇ ಕತ್ತಲಾಗುವ ದಿನಗಳು, ಶಟಲ್ ಆಡಿ ಬಂದು ಕಾರಿನಲ್ಲಿ ಕೂತಾಗ ಗೆಳೆಯನೊಬ್ಬ ಸೀಟ್ ಬೆಲ್ಟ್ ಹಿಡಿದುಕೊಂಡು ಹಾಗೇ ಕೂತ. ಅಪ್ಪನ ತಿಥಿ ಮುಗಿಸಿ ಬಂದಮೇಲೆ ರಾತ್ರಿ ಮೂರಕ್ಕೆ ಎಚ್ಚರ ಆಗುತ್ತೆ ಕಣೋ, ಯಾರಿಗೂ ಹೇಳಿಲ್ಲ ಎಂದ. ಹೀಟರ್ ಹಾಕಿಕೊಂಡು ಅಲ್ಲೇ ಫೋನಿನಲ್ಲಿ ಫಾರಂ ತೆಗೆದೆವು. ಹೆಸರು, ಹುಟ್ಟಿದ ದಿನ ಎಲ್ಲಾ ತುಂಬಿದ. ‘ನಿಮ್ಮ ಜಿಪಿ ಸರ್ಜರಿ ಯಾವುದು’ ಅಂತ ಬಂತು. ಅವನು ನನ್ನ ಮುಖ ನೋಡಿದ. ಈ ದೇಶಕ್ಕೆ ಬಂದು ಆರು ವರ್ಷ ಆಗಿತ್ತು. ಸರಿ, ಅದನ್ನು ಪಕ್ಕಕ್ಕಿಟ್ಟು ಮೊದಲು ಜಿಪಿ ನೋಂದಣಿಯ ಫಾರಂ ತೆಗೆದೆವು.